ಕಾಸು ಕೊಟ್ಟು ತಂಗಿದವನು ಅತಿಥಿಯೇ?

ಕನ್ನಡದಲ್ಲಿ ಹೋಟೆಲ್ ಎಂದರೆ ಊಟ ತಿಂಡಿ ಸಿಗುವ ಜಾಗ. ರಾತ್ರಿ ಮಲಗುವುದಕ್ಕೆ ಇರುವುದು ಲಾಡ್ಜು. ಹೋಟೆಲಿಗೆ ಹೋಗುತ್ತಾರೆ, ಲಾಡ್ಜಿನಲ್ಲಿ ರೂಮು ಮಾಡುತ್ತಾರೆ. ಎರಡೂ ಒಂದೇ ಕಟ್ಟಡದಲ್ಲಿದ್ದರೆ ಬೋರ್ಡಿನ ಮೇಲೆ ‘ಊಟ ಮತ್ತು ವಸತಿ’ ಎಂದು ಬರೆಸುತ್ತಾರೆ. ಈ ‘ವಸತಿ’ಯೇ ಜನರ ಬಾಯಲ್ಲಿ ಸವೆದು ‘ಬಸದಿ’ ಆದದ್ದು. ಮೊದಲು ಜೈನ ಮುನಿಗಳು ತಂಗುವ ಮನೆ, ಆಮೇಲೆ ಜಿನಾಲಯ. ಛತ್ರದ ಹಳೆಯ ರೂಪ ಸತ್ರ. ವೈದಿಕರಲ್ಲಿ ಸತ್ರವೆಂದರೆ ದಿನಗಟ್ಟಲೆ ನಡೆಯುವ ಸೋಮಯಾಗ. ಅದರಲ್ಲಿ ಋತ್ವಿಜರೆಲ್ಲರೂ ಯಜಮಾನರೇ ಆದ್ದರಿಂದ ದಕ್ಷಿಣೆ ಕೊಡುವವರೂ ಇಲ್ಲ, ಈಸಿಕೊಳ್ಳುವವರೂ ಇಲ್ಲ. ದಾರಿಹೋಕ ಮಲಗುವ ಜಾಗಕ್ಕೆ ಕನ್ನಡ ಇಟ್ಟುಕೊಂಡಿರುವ ಹೆಸರುಗಳಲ್ಲಿ ಈ ಎರಡು ಧರ್ಮದ ಮನೆಯಿಂದ ಬಂದವು, ಲಾಡ್ಜು ಮಾತ್ರ ಬಾಡಿಗೆಯದು. ಬಾಡಿಗೆ ತೆತ್ತು ಮಲಗಿದವನಿಗೆ ಅತಿಥಿ ಎಂಬ ಹೆಸರು ಸಲ್ಲುತ್ತದೆಯೇ ಎಂಬ ಪ್ರಶ್ನೆ ಈ ಹೆಸರುಗಳ ನಡುವೆಯೇ ಇದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರ ಇದನ್ನು ಕೇಳಲು ತಕ್ಕ ಊರು. ಮೈಸೂರಿನಿಂದ ಕೋಟೆಗೆ, ಅಲ್ಲಿಂದ ಮಾನಂದವಾಡಿಗೆ ಹೋಗುವ ದಾರಿಯ ಮೇಲಿನ ಹೋಬಳಿ ಕೇಂದ್ರ ಇದು. ಬಸ್ಸು ನಿಲ್ಲುತ್ತದೆ, ಜನ ಇಳಿದು ಟೀ ಕುಡಿಯುತ್ತಾರೆ, ಮುಂದೆ ಹೋಗುತ್ತಾರೆ. ಹಳೆಯ ಕೋಟೆ ತಾಲ್ಲೂಕಿನ ಎಲ್ಲೆಯೊಳಗೆ ಕಬಿನಿ, ನುಗು, ತಾರಕ, ಹೆಬ್ಬಳ್ಳ ಎಂದು ನಾಲ್ಕು ಜಲಾಶಯಗಳಿವೆ. ಊರೂರಿಗೆ ಇರುವ ಕೆರೆಗಳು ಬೇರೆ. ಕಬಿನಿ ಹಿನ್ನೀರಿನ ಅಂಚಿನಲ್ಲಿ ದುಬಾರಿ ರೆಸಾರ್ಟುಗಳೂ ಇವೆ, ಅವುಗಳ ವಿಚಾರ ಇಲ್ಲಿ ಬೇಡ. ಈ ಸೀಮೆಯಂಥ ಕಡೆ ನೀರಿನ ಏರಿಗೆ ಮುಖ ಮಾಡಿಕೊಂಡು ನಿಲ್ಲುವ ಎಂಟು ಹತ್ತು ರೂಮಿನ ಸಾಧಾರಣ ಲಾಡ್ಜು ಸಾಕು. ಗಲ್ಲಾಪೆಟ್ಟಿಗೆಯ ಮೇಲೆ ಊದುಬತ್ತಿ ಸಿಕ್ಕಿಸಿದ ದೇವರ ಪಟ, ಕಳೆದುಹೋಗದಿರಲೆಂದು ಮರದ ತುಂಡಿಗೆ ಕಟ್ಟಿದ ಬೀಗದ ಕೈ, ಬಚ್ಚಲಲ್ಲಿ ಒಂದು ಬಕೆಟ್ಟು ಒಂದು ಮಗ್ಗು, ಬೆಳಗ್ಗೆ ಆರರಿಂದ ಎಂಟರ ತನಕ ಮಾತ್ರ ಬಿಸಿನೀರು. ಮೇಜಿನ ಮೇಲೆ ಉದ್ದನೆಯ ರಿಜಿಸ್ಟರು. ಅದರಲ್ಲಿ ಹೆಸರು, ವಯಸ್ಸು, ವಿಳಾಸ, ಎಲ್ಲಿಂದ ಬಂದದ್ದು, ಎಲ್ಲಿಗೆ ಹೋಗುವುದು, ಬಂದ ಉದ್ದೇಶ ಎಂದು ಗೆರೆ ಎಳೆದಿರುತ್ತದೆ. ಕೊನೆಯ ಮೂರು ಯಾವ ವೇದಾಂತಿಯಾದರೂ ಕೇಳಬಹುದಾದ ಪ್ರಶ್ನೆಗಳೇ. ಹೆಚ್ಚಿನವರು ‘ಸ್ವಂತ ಕೆಲಸ’ ಎಂದು ಗೀಚಿ ಕೈ ತೊಳೆದುಕೊಳ್ಳುತ್ತಾರೆ.

ಅತಿಥಿಗೆ ಶಾಸ್ತ್ರ ಕೊಟ್ಟ ಲಕ್ಷಣವನ್ನು ಈ ರಿಜಿಸ್ಟರಿನ ಪಕ್ಕದಲ್ಲಿಟ್ಟು ನೋಡಬೇಕು. ವ್ಯಾಕರಣದವರು ಪದವನ್ನು ಸುತ್ತಾಡು ಎಂಬರ್ಥದ ‘ಅತ್’ ಧಾತುವಿನಿಂದ ಬಿಡಿಸುತ್ತಾರೆ. ತಿಥಿ ಗೊತ್ತುಮಾಡದೆ ಬಂದವನು ಅ-ತಿಥಿ ಎಂಬುದು ಜನ ಒಪ್ಪಿಕೊಂಡ ಅರ್ಥ. ಮನುಸ್ಮೃತಿಯ ಮೂರನೆಯ ಅಧ್ಯಾಯ ಇನ್ನೊಂದು ಬಗೆ ಹೇಳುತ್ತದೆ: ಒಂದೇ ರಾತ್ರಿ ತಂಗುವವನು ಅತಿಥಿ, ಅವನ ಇರವು ನಿತ್ಯವಲ್ಲವಾದ್ದರಿಂದ ಆ ಹೆಸರು. ಲಾಡ್ಜಿನ ಇಪ್ಪತ್ತನಾಲ್ಕು ಗಂಟೆಯ ಲೆಕ್ಕಕ್ಕೂ ಇದಕ್ಕೂ ದೂರವಿಲ್ಲ. ಆದರೆ ಊಟದ ಆಸೆಗೆ ತನ್ನ ಕುಲಗೋತ್ರ ಹೇಳಿಕೊಳ್ಳುವ ಬ್ರಾಹ್ಮಣನನ್ನು ಅದೇ ಮನು ಕಟುವಾಗಿ ಹಳಿಯುತ್ತಾನೆ. ಬಂದವನ ಗೋತ್ರ, ಶಾಖೆ, ಓದು ಯಾವುದನ್ನೂ ಕೇಳಬಾರದೆಂದು ಪರಾಶರಸ್ಮೃತಿ ಮನೆಯವನಿಗೂ ಕಟ್ಟುಪಾಡು ಹಾಕುತ್ತದೆ. ಶಾಸ್ತ್ರ ಕೇಳಬೇಡ ಎಂದದ್ದನ್ನೇ ರಿಜಿಸ್ಟರು ಸಾಲಾಗಿ ಕೇಳುತ್ತದೆ. ಸರಾಯಿಗಳನ್ನು, ಅಂದರೆ ದಾರಿಹೋಕರ ತಂಗುಮನೆಗಳನ್ನು, ಜಿಲ್ಲಾಡಳಿತದಲ್ಲಿ ನೋಂದಾಯಿಸಬೇಕೆಂದ 1867ರ ಸರಾಯಿ ಕಾಯ್ದೆಯ ಕಾಲದಿಂದ ತಂಗುವ ಜಾಗ ಪೊಲೀಸಿನ ಕಣ್ಣಳತೆಯ ಜಾಗವೂ ಹೌದು.

ಉಪನಿಷತ್ತುಗಳ ಮಾತು ಇನ್ನೂ ಗಟ್ಟಿ. ತೈತ್ತಿರೀಯದ ಶೀಕ್ಷಾವಲ್ಲಿ ಓದು ಮುಗಿಸಿ ಹೊರಟ ಹುಡುಗನಿಗೆ ತಾಯಿ, ತಂದೆ, ಗುರುಗಳ ಸಾಲಿನಲ್ಲೇ ಅತಿಥಿಯನ್ನೂ ದೇವರೆಂದು ಕಾಣಲು ಹೇಳುತ್ತದೆ. ಅದೇ ಉಪನಿಷತ್ತಿನ ಭೃಗುವಲ್ಲಿ, ತಂಗಲು ಬಂದ ಯಾರನ್ನೂ ಹಿಂದಕ್ಕೆ ಕಳಿಸಬಾರದು ಎಂಬುದನ್ನು ವ್ರತವೆಂದು ಕರೆದು, ಅದಕ್ಕಾಗಿಯೇ ಬೇಕಾದಷ್ಟು ಅನ್ನ ಕೂಡಿಟ್ಟುಕೊಳ್ಳಲು ಒಪ್ಪಿಗೆ ಕೊಡುತ್ತದೆ. ಕಠೋಪನಿಷತ್ತಿನ ಇಡೀ ಕಥೆ ನಿಂತಿರುವುದೇ ಆತಿಥ್ಯ ತಪ್ಪಿದ್ದರ ಮೇಲೆ. ನಚಿಕೇತ ಯಮನ ಮನೆಗೆ ಹೋದಾಗ ಯಮ ಊರಲ್ಲಿರಲಿಲ್ಲ. ಹುಡುಗ ಮೂರು ರಾತ್ರಿ ಅನ್ನವಿಲ್ಲದೆ ಕಾದ. ಹಿಂದಿರುಗಿದ ಯಮ ರಾತ್ರಿಗೆ ಒಂದರಂತೆ ಮೂರು ವರ ಕೊಟ್ಟದ್ದು ಪ್ರೀತಿಗಲ್ಲ, ಸಾಲ ತೀರಿಸುವುದಕ್ಕೆ. ಸತ್ತ ಮೇಲೆ ಮನುಷ್ಯ ಏನಾಗುತ್ತಾನೆ ಎಂಬ ದೊಡ್ಡ ಪ್ರಶ್ನೆಗೆ ಬಾಗಿಲು ತೆರೆದದ್ದು, ಬಂದವನಿಗೆ ಒಂದು ಚೊಂಬು ನೀರು ಕೊಡದ ಸಣ್ಣ ತಪ್ಪು.

ದೇವರ ಪೂಜೆಯೂ ಮನೆಗೆ ಬಂದವನ ಉಪಚಾರವೇ. ಷೋಡಶೋಪಚಾರದ ಕ್ರಮದಲ್ಲಿ ಮೊದಲು ಆವಾಹನೆ, ಆಮೇಲೆ ಆಸನ, ಕಾಲಿಗೆ ನೀರು, ಕೈಗೆ ನೀರು, ಕುಡಿಯಲು ನೀರು, ಸ್ನಾನ, ವಸ್ತ್ರ, ಗಂಧ, ಹೂ, ಎಡೆ. ದಾರಿ ನಡೆದು ದಣಿದು ಬಂದ ನೆಂಟನಿಗೆ ಹಳ್ಳಿಮನೆಯಲ್ಲಿ ಮಾಡುವುದೂ ಹೆಚ್ಚುಕಡಿಮೆ ಇದೇ ಸರದಿಯಲ್ಲಿ. ರೂಮು ಹುಡುಗ ಬೀಗ ತೆಗೆದು ಕುರ್ಚಿ ಸರಿಸಿ, ಕುಡಿಯುವ ನೀರಿಟ್ಟು, ಬಚ್ಚಲ ನಲ್ಲಿ ತಿರುಗಿಸಿ ತೋರಿಸಿ, ಕೊನೆಗೆ ತಿಂಡಿ ಏನು ತರಲಿ ಎಂದು ಕೇಳುವಾಗ ಅವನಿಗೆ ಗೊತ್ತಿಲ್ಲದೆಯೇ ಈ ಸರದಿ ನಡೆದಿರುತ್ತದೆ. ಉಪಚಾರ ಮುಗಿಯುವುದು ಬೀಳ್ಕೊಡುಗೆಯಲ್ಲಿ. ಭಾದ್ರಪದದಲ್ಲಿ ಗೌರಿ ಗಣೇಶರನ್ನು ಕರೆದು ಕೂರಿಸಿ, ಕೆಲವು ದಿನ ಇಟ್ಟುಕೊಂಡು, ಕಡೆಗೆ ಕೆರೆಗೆ ಬಿಡುತ್ತಾರೆ. ಹಳ್ಳಿಯ ಕೆರೆ ಹಾಗೆ ಬಂದು ಹೋಗುವ ದೇವರಿಗೆ ದಾರಿ ಕಳಿಸುವ ಜಾಗ. ಉಳಿದುಬಿಡುವ ದೇವರಿಗೆ ಗುಡಿ ಬೇಕು, ಬಂದುಹೋಗುವ ದೇವರಿಗೆ ನೀರು ಸಾಕು.

ಮನೆಯ ಧರ್ಮವಾಗಿದ್ದ ಆತಿಥ್ಯ ಸಾರ್ವಜನಿಕ ವ್ಯವಸ್ಥೆಯಾದದ್ದೂ ಹಳೆಯ ಕಥೆ. ಕ್ರಿ.ಪೂ. 3ನೇ ಶತಮಾನದ ಅಶೋಕ ತನ್ನ ಏಳನೆಯ ಸ್ತಂಭಶಾಸನದಲ್ಲಿ ದಾರಿಯುದ್ದಕ್ಕೂ ಆಲದ ಮರ ನೆಡಿಸಿ, ಬಾವಿ ತೋಡಿಸಿ, ತಂಗುದಾಣ ಅರವಟ್ಟಿಗೆ ಕಟ್ಟಿಸಿದ್ದನ್ನು ಹೇಳಿಕೊಂಡಿದ್ದಾನೆ. ಜೊತೆಗೇ, ಇಂಥ ಸುಖ ಅಲ್ಪವಾದದ್ದು, ಹಿಂದಿನ ಅರಸರೂ ಇದನ್ನು ಮಾಡಿದ್ದರು, ತಾನು ಮಾಡಿದ್ದು ಜನ ಧರ್ಮದ ದಾರಿ ಹಿಡಿಯಲೆಂದು ಎಂದೂ ಸೇರಿಸುತ್ತಾನೆ. ಛತ್ರ ಕಟ್ಟಿಸಿದವರ ಸಾಲಿನಲ್ಲಿ ಛತ್ರ ದೊಡ್ಡದಲ್ಲ ಎಂದವನು ಅವನೊಬ್ಬನೇ ಇರಬೇಕು. ಇಂಥ ತಂಗುದಾಣಗಳಲ್ಲಿ ಠಿಕಾಣಿ ಹೂಡುವವರು ಅಂದೂ ಇದ್ದರು. ಆರೋಗ್ಯವಾಗಿರುವ ಭಿಕ್ಷು ಸಾರ್ವಜನಿಕ ಧರ್ಮಶಾಲೆಯಲ್ಲಿ ಒಂದೇ ಊಟ ಮಾಡಬಹುದು, ಅದಕ್ಕೂ ಹೆಚ್ಚು ಉಂಡರೆ ದೋಷ ಎಂದು ಬೌದ್ಧರ ವಿನಯಪಿಟಕ ಅದಕ್ಕೇ ಕಟ್ಟಳೆ ಮಾಡಿದ್ದು.

ಕರ್ನಾಟಕದಲ್ಲಿ ಇದರ ಎತ್ತರದ ಚಿತ್ರ ಸಿಗುವುದು ಬಳ್ಳಿಗಾವಿಯ ಕೋಡಿಮಠದ 1162ರ ಶಾಸನದಲ್ಲಿ. ಅದು ವೇದ ವ್ಯಾಕರಣ ದರ್ಶನಗಳನ್ನು ಓದಿಸುವ ಮಠ. ಅಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕಥೆ ಹೇಳುವವರು, ಜೈನ ಕ್ಷಪಣಕರು, ಏಕದಂಡಿ ತ್ರಿದಂಡಿ ಸಂನ್ಯಾಸಿಗಳು, ಎಲ್ಲೆಲ್ಲಿಂದಲೋ ಬಂದ ಭಿಕ್ಷುಕರು ಎಂದು ಅನ್ನ ಪಡೆಯುವವರ ಪಟ್ಟಿಯನ್ನು ಶಾಸನ ಬಾಯಿತುಂಬ ಹೇಳಿ, ರೋಗಿಗಳ ಚಿಕಿತ್ಸೆಯನ್ನೂ ಸೇರಿಸುತ್ತದೆ. ಕಾಳಾಮುಖ ಶೈವರ ಮಠ ಪರಮತದ ಬತ್ತಲೆ ಮುನಿಗೂ ಉಣ್ಣಲಿಕ್ಕಿದ್ದನ್ನು ಕಲ್ಲಿನ ಮೇಲೆ ಕೆತ್ತಿಸಿ ಹೆಮ್ಮೆಪಟ್ಟಿತು.

ಎಲ್ಲ ಕಾಲದ ಎಲ್ಲ ಛತ್ರವೂ ಕೋಡಿಮಠವಲ್ಲ. ಅತಿಥಿಯನ್ನು ಕೊಂಡಾಡಿದ ಮನುವೇ ನಾಲ್ಕು ಶ್ಲೋಕ ದಾಟುವ ಮೊದಲು, ಬ್ರಾಹ್ಮಣನ ಮನೆಗೆ ಬಂದ ಕ್ಷತ್ರಿಯ, ವೈಶ್ಯ, ಶೂದ್ರರು ಅತಿಥಿಗಳೆನಿಸುವುದಿಲ್ಲ ಎಂದು ಷರಾ ಬರೆಯುತ್ತಾನೆ. ವೈಶ್ಯ ಶೂದ್ರರಿಗೆ ಆಳುಗಳ ಜೊತೆ ಬಡಿಸಿದರಾಯಿತು. ಜಾತಿಗೊಂದು ಛತ್ರ, ಇದ್ದೊಂದು ಛತ್ರದಲ್ಲೂ ಜಾತಿಗೊಂದು ಪಂಕ್ತಿ, ಕೆಲವರಿಗೆ ಬೀದಿ ಜಗುಲಿಯೂ ಇಲ್ಲ ಎಂಬುದು ಹೊಸಗಾಲದವರೆಗೂ ನಡೆದುಬಂದ ಪದ್ಧತಿ. ಕೆರೆಯ ನೀರಿಗೂ ಇದೇ ಕಥೆ. ಗೋತ್ರ ಕೇಳಬೇಡ ಎಂಬ ನಿಯಮ, ಕೇಳುವ ಮೊದಲೇ ಉತ್ತರ ಗೊತ್ತಿರುವ ಸಮಾಜದಲ್ಲಿ ಹುಟ್ಟಿದ್ದು. ಬಟ್ಟೆ, ಮಾತು, ಜೊತೆಯವರು ಎಲ್ಲವೂ ಗೋತ್ರವನ್ನು ಆಗಲೇ ಹೇಳಿಬಿಟ್ಟಿರುತ್ತಿದ್ದವು.

ಹಾಗಾದರೆ ಬಾಡಿಗೆಯ ಜಾಗ ಮೇಲಲ್ಲವೇ, ಕಾಸಿಗೆ ಜಾತಿಯಿಲ್ಲವಲ್ಲ? ಈ ಮಾತನ್ನು ಸುಲಭಕ್ಕೆ ಒಪ್ಪಲಾಗದಂತೆ ಮಾಡುವ ಸಾಕ್ಷಿ ಬಿ.ಆರ್. ಅಂಬೇಡ್ಕರ್ ಅವರದು. ವಿದೇಶದಲ್ಲಿ ಓದಿ 1917ರಲ್ಲಿ ಬರೋಡ ಸಂಸ್ಥಾನದ ಕೆಲಸಕ್ಕೆ ಬಂದ ಅವರಿಗೆ ಹಿಂದೂ ವಸತಿಗೃಹ ಸಿಗುವ ಆಸೆಯಿರಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು, ದಿನಬಾಡಿಗೆ ಒಪ್ಪಿಕೊಂಡು, ಒಂದು ಪಾರ್ಸಿ ತಂಗುಮನೆಯ ಮಹಡಿಯಲ್ಲಿ ಒಬ್ಬರೇ ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಬಂದು ಸಂಜೆಯೊಳಗೆ ಜಾಗ ಖಾಲಿ ಮಾಡಿಸಿತು. ಕೊಟ್ಟ ದುಡ್ಡು ಸಾಚಾ ಇತ್ತು, ಕೊಟ್ಟ ಕೈ ಮೈಲಿಗೆಯದು ಎನಿಸಿಕೊಂಡಿತು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಸಣ್ಣ ಆತ್ಮಕಥನದಲ್ಲಿ ಅವರು ಇದನ್ನು ದಾಖಲಿಸಿದ್ದಾರೆ. ಅದೇ ಅಂಬೇಡ್ಕರ್ ಕರಡು ಸಮಿತಿಯ ಅಧ್ಯಕ್ಷರಾಗಿದ್ದಾಗ ರೂಪುಗೊಂಡ, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯ ಎರಡನೆಯ ಖಂಡ ಅಂಗಡಿ, ಉಪಾಹಾರಗೃಹ, ಹೋಟೆಲುಗಳ ಪ್ರವೇಶಕ್ಕೂ, ಸಾರ್ವಜನಿಕರಿಗೆ ಮೀಸಲಾದ ಬಾವಿ, ಕೆರೆ, ಸ್ನಾನಘಟ್ಟಗಳ ಬಳಕೆಗೂ ಜಾತಿ ಮತದ ಅಡ್ಡಿ ಇರಕೂಡದೆಂದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಹೋಟೆಲನ್ನೂ ಕೆರೆಯನ್ನೂ ಹಾಗೆ ಪಕ್ಕಪಕ್ಕ ಇಟ್ಟದ್ದು ಆಕಸ್ಮಿಕವಲ್ಲ, ಬಾಗಿಲು ಮುಚ್ಚುತ್ತಿದ್ದದ್ದೇ ಈ ಎರಡು ಕಡೆ. ಕಾಸಿಗೆ ತಾನಾಗಿ ಜಾತಿ ಬಿಟ್ಟುಹೋಗಲಿಲ್ಲ, ಬಿಡಿಸಬೇಕಾಯಿತು.

ಬಿಡಿಸಿದ ಮೇಲೆ ಕಾಸು ಒಂದು ದೊಡ್ಡ ಉಪಕಾರ ಮಾಡಿತು, ಹಂಗು ಹರಿಯಿತು. ಪುಕ್ಕಟೆ ಉಂಡವನ ಮೇಲೆ ಉಣಿಸಿದವನ ಕಣ್ಣು ಇದ್ದೇ ಇರುತ್ತದೆ, ಅನ್ನದ ಋಣ ಎಂಬ ಮಾತಿನ ಭಾರ ಕನ್ನಡದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶಾಸ್ತ್ರ ಈ ಭಾರವನ್ನು ತಿರುಗಾಮುರುಗಾ ಮಾಡಲು ನೋಡಿತು. ಬೇಸರದಿಂದ ಹಿಂದಿರುಗಿದ ಅತಿಥಿ ಮನೆಯವನ ಪುಣ್ಯವನ್ನು ಹೊತ್ತುಕೊಂಡು ಹೋಗುತ್ತಾನೆ ಎಂದಿತು, ಅಂದರೆ ಸಾಲಗಾರ ಕೊಡುವವನೇ. ಆದರೆ ಲೆಕ್ಕ ಲೆಕ್ಕವಾಗಿಯೇ ಉಳಿಯಿತು. ಅದನ್ನು ಗೇಲಿ ಮಾಡಿದ್ದು ಮಹಾಭಾರತದ ಅಶ್ವಮೇಧಪರ್ವದ ಮುಂಗುಸಿ. ಧರ್ಮರಾಯನ ಮಹಾಯಾಗದ ನೆಲದಲ್ಲಿ ಹೊರಳಾಡಿದ ಅರ್ಧ ಚಿನ್ನದ ಮೈಯ ಮುಂಗುಸಿ, ಉಳಿದರ್ಧ ಚಿನ್ನವಾಗಲಿಲ್ಲ, ಇದು ಯಾಗವೇ ಅಲ್ಲ ಎಂದುಬಿಟ್ಟಿತು. ಮೊದಲರ್ಧ ಚಿನ್ನವಾದದ್ದು, ತೆನೆ ಆಯ್ದು ಬದುಕುತ್ತಿದ್ದ ಬಡ ಸಂಸಾರವೊಂದು ಬರಗಾಲದಲ್ಲಿ ತಮ್ಮ ನಾಲ್ವರ ಪಾಲಿನ ಹಿಟ್ಟನ್ನೂ ಬಂದವನಿಗೆ ಬಡಿಸಿದ ನೆಲದಲ್ಲಿ.

ಹನ್ನೆರಡನೆಯ ಶತಮಾನದ ಶರಣರು ಹಿಡಿದ ದಾರಿ ಬೇರೆ. ದಾಸೋಹಕ್ಕೆ ಅವರು ಕಾಯಕವನ್ನು ಕಟ್ಟಿದರು: ದುಡಿದದ್ದರಲ್ಲೇ ನೀಡಬೇಕು, ನೀಡಿದೆ ಎಂಬ ಭಾವವೂ ಉಳಿಯಬಾರದು. ಆಯ್ದಕ್ಕಿ ಮಾರಯ್ಯ ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ಜಂಗಮರಿಗೆ ಉಣಿಸುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮುಟ್ಟದೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದಳು. ಬಂದವರಿಗೆ ಉಣಿಸಲೆಂದೇ ಆದರೂ ಹೆಚ್ಚು ಕೂಡಿಹಾಕಬಾರದು ಎಂಬ ಲಕ್ಕಮ್ಮನ ನಿಲುವು, ಅತಿಥಿಗಾಗಿ ಎಷ್ಟಾದರೂ ಕೂಡಿಡು ಎಂದ ಭೃಗುವಲ್ಲಿಗೆ ನೇರ ಎದುರಾಗಿ ನಿಲ್ಲುತ್ತದೆ. ಈ ಜಗಳದಲ್ಲಿ ಲಕ್ಕಮ್ಮನ ಪಕ್ಷ ಹೆಚ್ಚು ಗಟ್ಟಿ. ಕೂಡಿಟ್ಟ ಅನ್ನಕ್ಕೆ ಅತಿಥಿಯ ಹೆಸರು ಹೇಳುವುದು ಸುಲಭ.

ಲಕ್ಕಮ್ಮನ ಅಳತೆಯಲ್ಲಿ ಸಣ್ಣ ಲಾಡ್ಜಿನವನ ದುಡಿಮೆ ಕಾಯಕವೇ, ಅವನು ನ್ಯಾಯವಾದ ಬಾಡಿಗೆ ಈಸಿಕೊಂಡರೆ ಆತಿಥ್ಯಕ್ಕೆ ಕುಂದಿಲ್ಲ. ಅತಿಥಿಯ ಲಕ್ಷಣ ಪುಕ್ಕಟೆ ಇರುವುದಲ್ಲ, ಉಳಿಯದೆ ಇರುವುದು. ಆದ್ದರಿಂದ ಕಾಸು ಕೊಟ್ಟವನೂ ಅತಿಥಿಯೇ. ಬಾಡಿಗೆ ಪಡೆದ ಮಾತ್ರಕ್ಕೆ ಪಡೆದವನು ಆತಿಥೇಯನಾಗುತ್ತಾನೆಯೇ ಎಂಬುದು ಬೇರೆ ಮಾತು. ಅದು ತೀರ್ಮಾನವಾಗುವುದು ಬಿಲ್ಲಿನಲ್ಲಿ ಬರೆಯಲಾಗದ ಕಡೆ: ರಾತ್ರಿ ಹನ್ನೊಂದಕ್ಕೆ ಕೊನೆಯ ಬಸ್ಸಿಳಿದು ಬಾಗಿಲು ತಟ್ಟಿದವರಿಗೆ ಮೈಮುರಿಯದೆ ಎದ್ದು ತೆಗೆಯುವುದರಲ್ಲಿ, ಜ್ವರದ ಕೂಸಿಗೆ ಒಲೆ ಆರಿದ ಮೇಲೂ ಒಂದು ಲೋಟ ಗಂಜಿ ಕಾಯಿಸುವುದರಲ್ಲಿ.

ತಂಗುವವನ ಕಡೆಯಿಂದ ನೋಡಿದರೆ ಪ್ರಶ್ನೆಯೇ ಬದಲಾಗುತ್ತದೆ. ದೇಹ ಬಾಡಿಗೆ ಮನೆ ಎಂಬ ಹೋಲಿಕೆ ತತ್ತ್ವಪದಕಾರರ ಪಾಡಿನಲ್ಲಿ ಹರಿದಾಡಿ ಹಳ್ಳಿಯ ಮಾತಾಗಿದೆ. ಬಾಲ್ಖ್‌ನ ಅರಸ ಇಬ್ರಾಹಿಂ ಬಿನ್ ಅದಮ್‌ನ ಬಗ್ಗೆ ಸೂಫಿಗಳು ಹೇಳುವ ಕಥೆಯಲ್ಲಿ, ಅರಮನೆಗೆ ನುಗ್ಗಿದ ಅಪರಿಚಿತನೊಬ್ಬ ಅದನ್ನು ಸರಾಯಿ ಎಂದು ಕರೆಯುತ್ತಾನೆ. ಅರಸ ಸಿಟ್ಟಾದಾಗ, ನಿನಗಿಂತ ಮೊದಲು ಇಲ್ಲಿ ಯಾರಿದ್ದರು, ಅವರಿಗಿಂತ ಮೊದಲು ಯಾರಿದ್ದರು ಎಂದು ಕೇಳುತ್ತಾ ಹೋಗುತ್ತಾನೆ. ಅರಸ ಗದ್ದುಗೆ ಬಿಟ್ಟು ಹೊರಡುತ್ತಾನೆ. ಜೈನರಲ್ಲಿ ಇದು ಕಥೆಯಲ್ಲ, ದಿನಚರಿ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಮಹಾವೀರ ಹಳ್ಳಿಯಲ್ಲಿ ಒಂದು ರಾತ್ರಿ, ಪಟ್ಟಣದಲ್ಲಿ ಐದು ರಾತ್ರಿಗಿಂತ ಹೆಚ್ಚು ಇರುತ್ತಿರಲಿಲ್ಲ ಎಂದು ಕಲ್ಪಸೂತ್ರ ಹೇಳುತ್ತದೆ. ನೆಲೆಯೂರಿದರೆ ನಂಟು, ನಂಟಿನ ಹಿಂದೆ ಗಂಟು ಎಂಬುದು ಅಪರಿಗ್ರಹದ ಲೆಕ್ಕ. ಬಸದಿ ನೆಲೆಯಾಗಿಬಿಟ್ಟದ್ದರ ಬಗ್ಗೆ ಜೈನ ಪರಂಪರೆಯೊಳಗೇ ತಕರಾರು ನಡೆದದ್ದು ಇದಕ್ಕೇ.

ಈ ಲೆಕ್ಕ ಹೆಗ್ಗಡದೇವನಕೋಟೆಯ ನೆಲಕ್ಕೂ ತಾಗುತ್ತದೆ. ಕಬಿನಿ ಸೀಮೆ ಹಿಂದೆ ಪುನ್ನಾಟ. 2ನೇ ಶತಮಾನದ ಭೂಗೋಳಜ್ಞ ಟಾಲೆಮಿ ಇದನ್ನು ವೈಡೂರ್ಯ ಸಿಗುವ ನಾಡೆಂದು ಹೆಸರಿಸಿದ್ದಾನೆ. ಜೈನ ಆಚಾರ್ಯ ಭದ್ರಬಾಹುವಿನ ಸಂಘ ಬರಗಾಲದಲ್ಲಿ ಬಂದು ಸೇರಿದ್ದು ದಕ್ಷಿಣದ ಪುನ್ನಾಟಕ್ಕೆ ಎಂದು 931ರಲ್ಲಿ ಬರೆದ ಬೃಹತ್ಕಥಾಕೋಶದಲ್ಲಿ ಹರಿಷೇಣ ಹೇಳುತ್ತಾನೆ. ಹಾಗೆ ಪರಸ್ಥಳದವರನ್ನು ಇಟ್ಟುಕೊಂಡ ನಾಡಿನ ಹೆಸರನ್ನು ಒಂದು ಮುನಿಸಂಘವೇ ಹೊತ್ತು ನಡೆಯಿತು: 783ರಲ್ಲಿ ದೂರದ ಗುಜರಾತಿನಲ್ಲಿ ಹರಿವಂಶಪುರಾಣ ಮುಗಿಸಿದ ಜಿನಸೇನ ತನ್ನನ್ನು ಪುನ್ನಾಟ ಸಂಘದವನೆಂದೇ ಹೇಳಿಕೊಂಡ. ಊರು ಬಿಟ್ಟವರ ಬಾಯಲ್ಲಿ ಉಳಿದ ಹೆಸರು ಊರಿನಲ್ಲೇ ಅಳಿಯಿತು. ಪುನ್ನಾಟದ ರಾಜಧಾನಿ ಕೀರ್ತಿಪುರ, ಅಂದರೆ ಕೋಟೆ ತಾಲ್ಲೂಕಿನ ಕಿತ್ತೂರು, ಇಂದು ಕಬಿನಿ ಹಿನ್ನೀರಿನ ಪಾಲು.

ಬೀಚನಹಳ್ಳಿ ಬಿದರಹಳ್ಳಿಗಳ ನಡುವಿನ ಅಣೆಕಟ್ಟು ಮುಗಿದದ್ದು 1974ರಲ್ಲಿ. ಗರಿಷ್ಠ ಮಟ್ಟ 2,284 ಅಡಿ, ಹಿಡಿಯುವ ನೀರು 19.52 ಟಿಎಂಸಿ, ಮುಳುಗಡೆ ಪಟ್ಟಿಯಲ್ಲಿ 22 ಹಳ್ಳಿ. ಹಳ್ಳಿಯವರು ಗಂಟುಮೂಟೆ ಕಟ್ಟಿಕೊಂಡು ಹೊರಟರು. ಕಾಡಿನೊಳಗಿನ ಜೇನುಕುರುಬರ, ಬೆಟ್ಟಕುರುಬರ ಹಾಡಿಗಳು ಜಲಾಶಯ, ರಾಷ್ಟ್ರೀಯ ಉದ್ಯಾನಗಳ ನಡುವೆ ಜಾಗ ಬದಲಿಸಬೇಕಾಯಿತು. ಬೇಸಿಗೆಯಲ್ಲಿ ನೀರು ಇಳಿದಾಗ ಒಣಗಿ ಕಪ್ಪಾದ ಮರಗಳ ಬೊಡ್ಡೆಗಳು ಮೇಲೇಳುತ್ತವೆ, ಹೊಸದಾಗಿ ಚಿಗುರಿದ ಹುಲ್ಲಿಗೆ ನಾಗರಹೊಳೆ, ಬಂಡೀಪುರ, ವಯನಾಡಿನ ಆನೆಗಳು ಹಿಂಡುಹಿಂಡಾಗಿ ಇಳಿಯುತ್ತವೆ. ಅದನ್ನು ನೋಡಲು ಬಂದವರಿಗೆ ರೂಮು ಬೇಕು. ನೀರಿನ ಅಂಚಿನಲ್ಲಿ ಕೂತವನಿಗೆ ಸಿಗುವ ಶಾಂತಿ ಯಾರದೋ ಅಂಗಳದ ಮೇಲೆ ನಿಂತ ನೀರಿನದು. ಇಲ್ಲಿ ಮನೆಯವರು ಯಾರು, ಬಂದವರು ಯಾರು?

ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1795ರ ‘ಶಾಶ್ವತ ಶಾಂತಿ’ ಪ್ರಬಂಧದಲ್ಲಿ ಇದಕ್ಕೆ ಒಂದು ಗೆರೆ ಎಳೆದಿದ್ದಾನೆ. ಭೂಮಿ ಗುಂಡಾಗಿದೆ, ಜನ ಕೊನೆಯಿಲ್ಲದಂತೆ ದೂರ ಸರಿಯುತ್ತಾ ಹೋಗಲಾರರು, ಒಬ್ಬರನ್ನೊಬ್ಬರು ಸಹಿಸಲೇಬೇಕು. ಆದ್ದರಿಂದ ಪರಸ್ಥಳದವನಿಗೆ ಬಂದು ಹೋಗುವ ಹಕ್ಕಿದೆ, ಹಗೆ ಎನಿಸಿಕೊಳ್ಳದಿರುವ ಹಕ್ಕಿದೆ, ಮನೆಯವನಾಗಿ ನೆಲೆಯೂರುವ ಹಕ್ಕಿಲ್ಲ. ವ್ಯಾಪಾರಕ್ಕೆಂದು ಬಂದು ನಾಡನ್ನೇ ನುಂಗಿದ ಯುರೋಪಿನವರನ್ನು ಅವನು ಅಲ್ಲೇ ಹೆಸರಿಸಿ ಟೀಕಿಸುತ್ತಾನೆ. ಅತಿಥಿ ಉಳಿದುಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಮನುವಿನ ಒಂದು ರಾತ್ರಿ, ಮಹಾವೀರನ ಐದು ರಾತ್ರಿ, ಭಿಕ್ಷುವಿನ ಒಂದು ಊಟ, ಕಾಂಟನ ಬಂದು ಹೋಗುವ ಹಕ್ಕು ನಾಲ್ಕೂ ಬೇರೆ ಬೇರೆ ಮನೆಯ ಮಾತುಗಳು. ಅಂಜಿಕೆ ಮಾತ್ರ ಒಂದೇ, ಬಂದವನು ಹೊರಡದೆ ಇರುವುದು.

ಹೊರಡುವುದಕ್ಕೂ ಕ್ರಮವಿದೆ. ವಿನಯಪಿಟಕದ ಪಾಚಿತ್ತಿಯ ವಿಭಾಗದ 14 ಮತ್ತು 15ನೇ ಕಟ್ಟಳೆಗಳು ತಂಗಿದ ಜಾಗ ಬಿಡುವ ಭಿಕ್ಷುವಿಗೆ ಮೀಸಲು. ಸಂಘದ ಮಂಚ, ಮಣೆ, ಚಾಪೆಯನ್ನು ಬಯಲಲ್ಲಿ ಹರಡಿದ್ದರೆ ಒಳಗಿಡಬೇಕು, ಇಲ್ಲವೇ ಇಡಿಸಬೇಕು. ವಿಹಾರದೊಳಗೆ ಹಾಸಿದ್ದನ್ನು ಎತ್ತಿಡಬೇಕು. ಎರಡೂ ಆಗದಿದ್ದರೆ ಹೊರಡುತ್ತಿದ್ದೇನೆಂದು ಅಲ್ಲಿರುವವರಿಗೆ ಹೇಳಿಯಾದರೂ ಹೋಗಬೇಕು. ಲಾಡ್ಜಿನಲ್ಲಿ ಇದರ ಉಳಿಕೆ ಎರಡು: ಫ್ಯಾನು ದೀಪ ಆರಿಸಿ ಮರದ ತುಂಡಿನ ಸಮೇತ ಬೀಗದ ಕೈಯನ್ನು ಮೇಜಿನ ಮೇಲಿಡುವುದು, ರಿಜಿಸ್ಟರಿನ ಕೊನೆಯ ಮನೆಯಲ್ಲಿ ಹೊರಟ ಹೊತ್ತು ಬರೆದು ರುಜು ಹಾಕುವುದು. ರೂಮು ಹುಡುಗ ಆ ಹೊತ್ತಿಗೆ ಮಹಡಿ ಮೇಲೆ ಹಾಸಿಗೆಯ ಬಟ್ಟೆ ಕೊಡವುತ್ತಿರುತ್ತಾನೆ.